ಮದುವೆ ತಯಾರಿಗೆ ಸ್ಮಾರ್ಟ್ ತೂಕದ ಮಷೀನು: ತೂಕ ನಂಬಿ, ಕೊಬ್ಬಿನ ಲೆಕ್ಕ ಬಿಡಿ

ಮೊಬೈಲ್ ಆ್ಯಪ್‌ಗೆ ಜೋಡಿಸುವ ಗಾಜಿನ ತೂಕದ ಮಷೀನು. ಮನೆಯಲ್ಲಿ ಮದುವೆ ನಿಶ್ಚಯವಾದ ಮೇಲೆ ಕೊಂಡದ್ದು, ಬಳಸಿ ವರ್ಷ ದಾಟಿದೆ. ಡಬ್ಬಿಯ ಮೇಲಿನ ವಿವರ ಎಲ್ಲರೂ ನೋಡಿರುತ್ತೀರಿ. ಅದರಲ್ಲಿ ಬರೆಯದ ಮಾತು ಒಂದಿದೆ: ಆ್ಯಪ್ ಹತ್ತು ಹನ್ನೆರಡು ಅಂಕಿ ತೋರಿಸಿದರೂ ಮಷೀನು ನಿಜವಾಗಿ ಅಳೆಯುವುದು ಎರಡನ್ನೇ. ಒಂದು ತೂಕ, ಇನ್ನೊಂದು ಮೈಯ ವಿದ್ಯುತ್ ರೋಧ, ಎಂದರೆ ವಿದ್ಯುತ್ ಹರಿಯಲು ಮೈ ಒಡ್ಡುವ ತಡೆ. ಕೊಬ್ಬಿನ ಶೇಕಡಾ, ಸ್ನಾಯು, ಮೂಳೆ, ‘ದೇಹದ ವಯಸ್ಸು’ ಇವೆಲ್ಲ ನೀವು ತುಂಬಿದ ಎತ್ತರ, ವಯಸ್ಸು, ಲಿಂಗ ಸೇರಿಸಿ ಸೂತ್ರದಿಂದ ತೆಗೆದ ಅಂದಾಜು. ಅನುಮಾನವಿದ್ದರೆ ಆ್ಯಪ್‌ನಲ್ಲಿ ಎತ್ತರವನ್ನು 5 ಸೆಂ.ಮೀ. ಹೆಚ್ಚಿಸಿ ಮತ್ತೆ ನಿಂತು ನೋಡಿ. ಮೈ ಅದೇ ಇರುತ್ತದೆ, ಕೊಬ್ಬು ಮಾತ್ರ ಬದಲಾಗುತ್ತದೆ.

ಅಂಗಾಲಿಗೆ ತಾಗುವ ಪಟ್ಟಿಗಳಿಂದ ಸಣ್ಣ ವಿದ್ಯುತ್ ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ನೀರಿರುವ ಸ್ನಾಯುವಿನಲ್ಲಿ ಅದು ಸುಲಭವಾಗಿ ಹರಿಯುತ್ತದೆ, ಕೊಬ್ಬು ತಡೆಯುತ್ತದೆ. ಸೊಂಟದಿಂದ ಮೇಲಕ್ಕೆ ಅದು ಹೆಚ್ಚು ಹೋಗುವುದೇ ಇಲ್ಲ, ಹಾಗಾಗಿ ತೋಳು, ಬೆನ್ನಿನ ಲೆಕ್ಕ ಪೂರಾ ಊಹೆ. ಮೈಯಲ್ಲಿ ನೀರು ಕಡಿಮೆಯಾದರೆ ರೋಧ ಏರುತ್ತದೆ, ಮಷೀನು ಅದನ್ನು ಕೊಬ್ಬು ಎಂದು ಓದುತ್ತದೆ. ಒಣಗಿ ಒಡೆದ ಹಿಮ್ಮಡಿಯೂ ಇದನ್ನೇ ಮಾಡುತ್ತದೆ. ಬಿಸಿನೀರು ಸ್ನಾನ ಅಥವಾ ವ್ಯಾಯಾಮ ಮುಗಿಸಿ ಕೂಡಲೇ ನಿಂತರೆ ಚರ್ಮಕ್ಕೆ ರಕ್ತ ಹರಿದು ರೋಧ ಇಳಿದಿರುತ್ತದೆ, ಆಗ ಕೊಬ್ಬು ಕಡಿಮೆ ಕಾಣುತ್ತದೆ. ಬೆಳಿಗ್ಗೆ ಶೇ. 30 ಇದ್ದದ್ದು ಸಂಜೆಗೆ 28 ಆದರೆ ಒಂದು ಗ್ರಾಂ ಕೊಬ್ಬೂ ಕರಗಿದೆ ಎಂದಲ್ಲ.

ಬೇರೆ ಸಮಯದಲ್ಲಿ ಇದನ್ನು ಸಹಿಸಿಕೊಳ್ಳಬಹುದು. ಮದುವೆಗೆ ದಿನ ಎಣಿಸುವ ಮನೆಯಲ್ಲಿ ಇದು ಅಪಾಯ. ಅನ್ನ, ರೊಟ್ಟಿ ಬಿಟ್ಟ ಮೊದಲ ವಾರ ಒಂದೆರಡು ಕಿಲೋ ಇಳಿಯುವುದು ಹೆಚ್ಚಾಗಿ ನೀರು. ಅನ್ನ, ರೊಟ್ಟಿಯ ಸಕ್ಕರೆಯನ್ನು ಮೈ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ; ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ, ಎರಡೂ ಒಟ್ಟಿಗೆ ಖಾಲಿಯಾಗುತ್ತವೆ. ನೀರು ಹೋದಾಗ ಆ್ಯಪ್ ‘ಕೊಬ್ಬು ಹೆಚ್ಚಾಗಿದೆ’ ಎಂದು ಕೆಂಪು ಬಣ್ಣದಲ್ಲಿ ತೋರಿಸಬಹುದು. ಅದನ್ನು ನೋಡಿ ಹುಡುಗಿ ರಾತ್ರಿ ಊಟವನ್ನೂ ಬಿಡುತ್ತಾಳೆ. ಹೀಗೆ ಉಪವಾಸ ಬಿದ್ದು ಭರದಿಂದ ತೂಕ ಇಳಿಸಿದವರಿಗೆ ಕೂದಲು ಉದುರುವುದು ಆ ಹೊತ್ತಿಗಲ್ಲ, ಎರಡು ಮೂರು ತಿಂಗಳ ನಂತರ. ಎಂದರೆ ಸರಿಯಾಗಿ ಮುಹೂರ್ತದ ಹೊತ್ತಿಗೆ. ಈ ಒಂದು ಕಾರಣಕ್ಕೇ ಆ್ಯಪ್‌ನಲ್ಲಿ ಕೊಬ್ಬಿನ ಪಟ್ಟಿ ಮರೆಮಾಡುವ ಆಯ್ಕೆ ಇದ್ದರೆ ಮೊದಲ ದಿನವೇ ಒತ್ತಿಬಿಡಿ.

ಇಷ್ಟು ಸಿಟ್ಟಿದ್ದರೂ ಮಷೀನು ಮನೆಯಿಂದ ಹೊರಗೆ ಹೋಗಿಲ್ಲ. ತೂಕದ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ, ಅದನ್ನು ಬಳಸುವ ಕ್ರಮವೂ ಹಿತವಾದದ್ದು. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಕಾಫಿಗೂ ಮುಂಚೆ, ಒಣಗಿದ ಕಾಲಿನಲ್ಲಿ, ತೆಳು ಬಟ್ಟೆಯಲ್ಲಿ ನಿಲ್ಲುವುದು. ಜಾಗ ಯಾವಾಗಲೂ ಅದೇ ಟೈಲ್ಸ್. ನಾಲ್ಕು ಮೂಲೆಯ ಕಾಲುಗಳಲ್ಲೇ ಸೆನ್ಸರ್ ಇರುವುದರಿಂದ ಚಾಪೆ, ಮ್ಯಾಟ್ ಮೇಲೆ ಇಟ್ಟರೆ ಅಂಕಿ ಕೆಡುತ್ತದೆ. ಒಂದು ಕಾಲು ಟೈಲ್ಸ್ ಸಂದಿಗೆ ಬಿದ್ದರೂ ಕೆಡುತ್ತದೆ. ಜಾಗ ಬದಲಿಸಿದಾಗ ಒಮ್ಮೆ ಕಾಲಿಂದ ಒತ್ತಿ ಬಿಡಿ, ಸೊನ್ನೆ ಬಂದು ಆರಲಿ, ಆಮೇಲೆ ನಿಲ್ಲಿ. ಅಂಕಿ ನಿಲ್ಲುವ ತನಕ ಅಲುಗಾಡಬೇಡಿ, ಬಗ್ಗಿ ನೋಡಬೇಡಿ.

ಎರಡು ಪರೀಕ್ಷೆ ಮಾಡಲೇಬೇಕು. ತೂಕ ನೋಡಿ ಇಳಿದು, 5 ಕಿಲೋ ಅಕ್ಕಿಯ ಒಡೆಯದ ಚೀಲ ಎತ್ತಿಕೊಂಡು ಮತ್ತೆ ನಿಲ್ಲಿ. ವ್ಯತ್ಯಾಸ ಐದಕ್ಕೆ ನೂರಿನ್ನೂರು ಗ್ರಾಂ ಆಚೀಚೆ ಬಂದರೆ ಸಾಕು. ಎರಡನೆಯದು, ತೂಕ ನೋಡಿದ ಕೂಡಲೇ ಲೋಟ ನೀರು ಕೈಯಲ್ಲಿ ಹಿಡಿದು ಮತ್ತೆ ನಿಂತು, ಅಂಕಿ ಏರುತ್ತದೆಯೇ ನೋಡುವುದು. ಕೆಲವು ಮಷೀನುಗಳು ಹಿಂದಿನ ಅಂಕಿಯನ್ನು ನೆನಪಿಟ್ಟುಕೊಂಡು, ಸಣ್ಣ ವ್ಯತ್ಯಾಸವಿದ್ದರೆ ಹಳೆಯದನ್ನೇ ತೋರಿಸಿ ‘ನಿಖರ’ ಅನ್ನಿಸಿಕೊಳ್ಳುತ್ತವೆ. ಇದೂ ಹಾಗೆಯೇ ಮಾಡುತ್ತದೆ. ನಡುವೆ ಅಕ್ಕಿ ಚೀಲದ ಜೊತೆ ಒಮ್ಮೆ ನಿಂತು ಇಳಿದರೆ ಆ ನೆನಪು ಅಳಿಸಿ ನಿಜವಾದ ತೂಕ ಬರುತ್ತದೆ.

ಓದಬೇಕಾದ್ದು ದಿನದ ಅಂಕಿಯನ್ನಲ್ಲ, ಏಳು ದಿನದ ಸರಾಸರಿಯನ್ನು. ನೆಂಟರ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳ, ಬಿಸಿಬೇಳೆಬಾತ್ ಉಂಡ ಮರುದಿನ ಒಂದು ಕಿಲೋ ಏರಿದರೆ ಅದು ಉಪ್ಪು ಹಿಡಿದಿಟ್ಟ ನೀರು ಮತ್ತು ಹೊಟ್ಟೆಯೊಳಗೇ ಇರುವ ಊಟ. ಎರಡು ಮೂರು ದಿನಕ್ಕೆ ಇಳಿಯುತ್ತದೆ. ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳಲ್ಲೂ ಹೀಗೇ ಏರುತ್ತದೆ, ಅವರು ಈ ತಿಂಗಳ ಆ ವಾರವನ್ನು ಹಿಂದಿನ ತಿಂಗಳ ಅದೇ ವಾರದೊಂದಿಗೆ ಹೋಲಿಸಬೇಕು. ಸರಾಸರಿ ವಾರಕ್ಕೆ ಅರ್ಧ ಕಿಲೋ ಇಳಿಯುತ್ತಿದ್ದರೆ ಅದೇ ಒಳ್ಳೆಯ ವೇಗ. ಹನ್ನೆರಡು ವಾರದಲ್ಲಿ ಐದಾರು ಕಿಲೋ, ಊಟ ಬಿಡದೆ.

ಇದರ ಜೊತೆ ಮೂವತ್ತು ರೂಪಾಯಿಯ ಇಂಚು ಟೇಪು ಇರಲಿ. ವಾರಕ್ಕೆರಡು ದಿನ ಡಂಬಲ್ ಎತ್ತುವವರಿಗೆ ತೂಕ ನಿಂತೇ ಇದ್ದು ಸೊಂಟ ಇಳಿಯುವುದುಂಟು, ಅದನ್ನು ಟೇಪು ಹೇಳುತ್ತದೆ, ಮಷೀನು ಹೇಳುವುದಿಲ್ಲ. ಉಸಿರು ಸಹಜವಾಗಿ ಬಿಟ್ಟ ಮೇಲೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಟೇಪು ಚರ್ಮ ಒತ್ತದಂತೆ ಅಳೆಯಿರಿ. ನಮ್ಮವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ದಾಟಬಾರದು ಎಂಬುದು ವೈದ್ಯರ ಗೆರೆ. ರವಿಕೆಯ ಕೊನೆಯ ಅಳತೆ ಮುಹೂರ್ತಕ್ಕೆ ಎರಡು ವಾರ ಮುಂಚೆ ಕೊಟ್ಟು, ಅಲ್ಲಿಂದ ತೂಕ ಇಳಿಸುವುದನ್ನು ನಿಲ್ಲಿಸಿ. ಒಳಗೆ ಒಂದಿಂಚು ಬಟ್ಟೆ ಬಿಡಲು ಟೇಲರ್‌ಗೆ ಹೇಳಿ.

ಇವತ್ತು ಕೊಳ್ಳುವುದಾದರೆ ಸಾವಿರ ರೂಪಾಯಿಯೊಳಗೆ ಸಿಗುವ ಆ್ಯಪ್ ಇಲ್ಲದ ಡಿಜಿಟಲ್ ಮಷೀನು ಸಾಕು, ಸರಾಸರಿಯನ್ನು ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳಬಹುದು. ಪೇಸ್‌ಮೇಕರ್ ಇರುವವರು ಕೊಬ್ಬು ಅಳೆಯುವ ಮಷೀನಿನ ಮೇಲೆ ನಿಲ್ಲಲೇಬಾರದು, ಗರ್ಭಿಣಿಯರೂ ಬೇಡ. ಈಗಾಗಲೇ ಕೊಂಡವರು ಇನ್ನೊಂದು ಗಮನಿಸಿ: ತೂಕ ಹತ್ತಿರವಿದ್ದರೆ ಆ್ಯಪ್ ಬೇರೆಯವರನ್ನೂ ನೀವೇ ಎಂದು ದಾಖಲಿಸುತ್ತದೆ. ಚಪ್ಪರ ಹಾಕಿ ನೆಂಟರು ತುಂಬಿದ ಮನೆಯಲ್ಲಿ ಎಲ್ಲರೂ ಒಮ್ಮೆ ಹತ್ತಿ ಇಳಿಯುತ್ತಾರೆ, ತಿಂಗಳುಗಟ್ಟಲೆ ಜೋಪಾನ ಮಾಡಿದ ಸರಾಸರಿ ಒಂದೇ ದಿನದಲ್ಲಿ ಹಾಳು. ಆ ವಾರ ಸೆಲ್ಲು ತೆಗೆದು ಮಂಚದ ಕೆಳಗೆ ಚಪ್ಪಟೆಯಾಗಿ ಮಲಗಿಸಿಡಿ, ಗೋಡೆಗೆ ಒರಗಿಸಬೇಡಿ, ಜಾರಿದರೆ ಗಾಜು ಒಡೆಯುತ್ತದೆ.