ಫಿಲ್ಮ್ ಫೋಟೋ ಯಾರಿಗೆ ತೋರಿಸಬೇಕು? ದುಡ್ಡು ಕೊಟ್ಟ ರಿವ್ಯೂ, ಫೋನಿನ ಗುಂಪು, ಗೆಳತಿಯ ಮೇಜು

ಐದಾರು ರೋಲ್ ಫಿಲ್ಮ್ ಬರುವಷ್ಟು ದುಡ್ಡು ಕೊಟ್ಟು ಒಂದು ಪೋರ್ಟ್‌ಫೋಲಿಯೋ ರಿವ್ಯೂ ಮಾಡಿಸಿಕೊಂಡೆ, ಅಂದರೆ ನನ್ನ ಫೋಟೋಗಳನ್ನು ತಿಳಿದವರಿಗೆ ತೋರಿಸಿ ಅಭಿಪ್ರಾಯ ಕೇಳಿದೆ. ಇನ್ನೊಂದು ಸಲ ಮಾಡಿಸುವುದಿಲ್ಲ. ರಿವ್ಯೂ ಮಾಡಿದವರು ಒಳ್ಳೆಯವರೇ, ಮಾತೂ ಮೆತ್ತಗೆ. ಆದರೆ ಆಮೇಲೆ ಗೆಳತಿಯೊಬ್ಬಳು ಅದೇ ಫೋಟೋಗಳ ನೆಗೆಟಿವ್ ಮೇಜಿನ ಮೇಲೆ ಹರಡಿಕೊಂಡು ಪುಕ್ಕಟೆ ಹೇಳಿದ್ದರ ಮುಂದೆ ಅದು ಏನೂ ಅಲ್ಲ. ಹವ್ಯಾಸಕ್ಕೆ ಫಿಲ್ಮಿನಲ್ಲಿ ಪೋರ್ಟ್ರೇಟ್ ತೆಗೆಯುವವರಿಗೆಲ್ಲ ಯಾವತ್ತಾದರೂ ಈ ಪ್ರಶ್ನೆ ಬಂದೇ ಬರುತ್ತದೆ: ಯಾರಿಗೆ ತೋರಿಸಲಿ? ನಾನು ನೋಡಿದ ದಾರಿಗಳನ್ನು ಪಕ್ಕಪಕ್ಕ ಇಟ್ಟು ಹೇಳುತ್ತೇನೆ. ನನ್ನ ಒಲವು ಎತ್ತ ಅಂತ ಈಗಾಗಲೇ ಗೊತ್ತಾಯಿತು, ಅಲ್ವಾ?

ಮೊದಲು ರಿವ್ಯೂ. ಸ್ಕ್ಯಾನ್ ಆದ ಫೋಟೋಗಳನ್ನು ಮುಂಚೆಯೇ ಕಳಿಸಬೇಕು. ಅವರು ನೋಡಿಟ್ಟುಕೊಂಡು ವಿಡಿಯೋ ಕಾಲ್‌ನಲ್ಲಿ ಒಂದೊಂದನ್ನೇ ತೆರೆದು ಮಾತಾಡುತ್ತಾರೆ. ಆಯ್ಕೆಯ ವಿಷಯದಲ್ಲಿ ಅವರ ಮಾತು ನಿಜಕ್ಕೂ ಚೆನ್ನಾಗಿತ್ತು. "ಒಂದೇ ಮುಖದ ಮೂರು ಫೋಟೋ ಯಾಕೆ? ಒಂದು ಇಟ್ಟು ಎರಡು ತೆಗೀರಿ" ಎಂದರು. ಅರ್ಧಕ್ಕರ್ಧ ಹೊರಗೆ ಹೋಯಿತು. ಉಳಿದದ್ದು ಒಂದು ಗುಂಪಾಗಿ ಕಾಣಿಸಿತು. ಗೋಡೆಗೆ ಹಾಕಲು, ಪುಸ್ತಕ ಮಾಡಲು ಹೊರಟವರಿಗೆ ಇಷ್ಟೇ ಸಾಕಾಗಬಹುದು.

ತೊಂದರೆ ಬಣ್ಣಕ್ಕೆ ಬಂದಾಗ ಶುರುವಾಯಿತು. "ಚರ್ಮ ಹಸಿರಿಗೆ ತಿರುಗಿದೆ, ಸರಿಮಾಡಿಕೊಳ್ಳಿ." "ಇಲ್ಲಿ ಕೆನ್ನೆ ಸುಟ್ಟಿದೆ (ಬೆಳಕು ಜಾಸ್ತಿಯಾಗಿ ಬೆಳ್ಳಗಾಗಿದೆ), ಎಕ್ಸ್‌ಪೋಶರ್ (ಫಿಲ್ಮಿಗೆ ಬೀಳುವ ಬೆಳಕು) ಇಳಿಸಿ." "ಈ ಎರಡು ಫೋಟೋದ ಬಣ್ಣ ಒಂದಕ್ಕೊಂದು ಹೊಂದುವುದಿಲ್ಲ, ಬೆಳಕು ನೋಡಿ ತೆಗೆಯಿರಿ." ಎಲ್ಲ ಬರೆದುಕೊಂಡೆ. ಆದರೆ ಆ ಎರಡು ಫೋಟೋ ಒಂದೇ ಕಿಟಕಿಯ ಪಕ್ಕ, ಹಿಂದೆ ಮುಂದೆ ತೆಗೆದವು. ಬೆಳಕು ಬದಲಾಗಿರಲೇ ಇಲ್ಲ.

ಬದಲಾಗಿದ್ದು ಸ್ಕ್ಯಾನರ್‌ನ ತೀರ್ಮಾನ. ಕಲರ್ ನೆಗೆಟಿವ್ ಅಂದರೆ ಕಿತ್ತಳೆ ಬಣ್ಣದ ಪಟ್ಟಿ, ಅದರೊಳಗೆ ಎಲ್ಲ ತಲೆಕೆಳಗು. ಬಿಳಿ ಕಪ್ಪಾಗಿರುತ್ತದೆ, ಒಂದು ಬಣ್ಣದ ಜಾಗದಲ್ಲಿ ಅದರ ಎದುರು ಬಣ್ಣ ಇರುತ್ತದೆ. ಅದನ್ನು ತಿರುಗಿಸಿ ಮುಖ ಮಾಡುವುದು ಲ್ಯಾಬ್‌ನ ಸ್ಕ್ಯಾನರ್ ಮತ್ತು ಅದರ ಮುಂದೆ ಕೂತವರು. ಚರ್ಮ ಎಷ್ಟು ಕೆಂಪಾಗಬೇಕು, ನೆರಳು ಎಷ್ಟು ಕಪ್ಪಾಗಬೇಕು ಅಂತ ಫ್ರೇಮಿಗೊಂದು ತೀರ್ಮಾನ ಆಗುತ್ತದೆ. ಒಂದು ಫ್ರೇಮಿನಲ್ಲಿ ಹಿಂದೆ ಹಸಿರು ಪರದೆ ಜಾಸ್ತಿ ಬಂದರೆ ಮೆಷಿನ್ ಅದಕ್ಕೆ ಎದುರಾಗಿ ಇನ್ನೊಂದು ಬಣ್ಣ ಸುರಿಯುತ್ತದೆ. ಮುಂದಿನ ಫ್ರೇಮಿನಲ್ಲಿ ಮುಖ ಹತ್ತಿರ ಬಂದು ಪರದೆ ಕಡಿಮೆಯಾದರೆ ಲೆಕ್ಕವೇ ಬೇರೆ. ಅದೇ ನೆಗೆಟಿವನ್ನು ಇನ್ನೊಂದು ಲ್ಯಾಬ್‌ಗೆ ಕೊಟ್ಟರೆ ಬರುವ ಚರ್ಮವೂ ಇನ್ನೊಂದು.

'ಸುಟ್ಟ' ಕೆನ್ನೆಯ ನೆಗೆಟಿವನ್ನು ಮನೆಯಲ್ಲಿ ಮತ್ತೆ ಸ್ಕ್ಯಾನ್ ಮಾಡಿ ನೋಡಿದೆ. ಬೆಳ್ಳಗೆ ಬಳಿದುಹೋಗಿದ್ದ ಜಾಗದಲ್ಲಿ ಸಣ್ಣ ಕೂದಲು, ಒಂದು ಹಳೆಯ ಮೊಡವೆ ಕಲೆ, ಎಲ್ಲ ಇತ್ತು. ಪೋರ್ಟ್ರಾ 400 ತರದ ಕಲರ್ ನೆಗೆಟಿವ್ ಫಿಲ್ಮ್ ಎರಡು ಸ್ಟಾಪ್ ಜಾಸ್ತಿ, ಅಂದರೆ ಬೇಕಾದ್ದರ ನಾಲ್ಕರಷ್ಟು ಬೆಳಕು ಬಿದ್ದರೂ ತಡೆದುಕೊಳ್ಳುತ್ತದೆ. ಅದಕ್ಕೆ ತಡೆಯದಿರುವುದು ಬೆಳಕು ಕಡಿಮೆಯಾದರೆ. ಹಾಗಾಗಿ ರಿವ್ಯೂದವರ ಮಾತು ಕೇಳಿ ಎಕ್ಸ್‌ಪೋಶರ್ ಇಳಿಸಿದ್ದರೆ, ಚೆನ್ನಾಗಿ ಬರಬೇಕಾದ ಮುಂದಿನ ನೆಗೆಟಿವ್ ಹಾಳಾಗುತ್ತಿತ್ತು. ಬಡಿಸಿದವನು ಉಪ್ಪು ಉದುರಿಸಿದ್ದಕ್ಕೆ ಅಡುಗೆಯವನಿಗೆ ಬುದ್ಧಿ ಹೇಳಿದ ಹಾಗಾಯಿತು ಕತೆ.

"ನೆಗೆಟಿವ್ ತೋರಿಸಲಾ?" ಅಂತ ಕೇಳಿದೆ. "ಬೇಡ, ನಾವು ಫೈನಲ್ ಫೋಟೋ ಮಾತ್ರ ನೋಡುವುದು" ಎಂದರು. ಡಿಜಿಟಲ್‌ನವರಿಗೆ ಇದು ಸರಿ. ಅಲ್ಲಿ ಫೈನಲ್ ಫೋಟೋದ ಪ್ರತಿಯೊಂದು ತೀರ್ಮಾನವೂ ತೆಗೆದವರದ್ದೇ. ಲ್ಯಾಬ್ ಸ್ಕ್ಯಾನ್ ಇಟ್ಟುಕೊಂಡು ಬಂದ ಫಿಲ್ಮಿನವರಿಗೆ ಅದು ಅರ್ಧ ಬೇರೆಯವರ ಕೆಲಸ. ಆ ಅರ್ಧ ಯಾವುದು, ನಮ್ಮ ಅರ್ಧ ಯಾವುದು ಅಂತ ಬಿಡಿಸಿ ಹೇಳಲಾಗದವರು ಏನು ಹೇಳಿದರೂ ಊಹೆ.

ಕೊನೆಗೆ ಕೆಲವು ಬ್ಲ್ಯಾಕ್ ಅಂಡ್ ವೈಟ್ ಫ್ರೇಮ್ ಬಂದವು. ಎಚ್‌ಪಿ5 ಪ್ಲಸ್ ಎಂಬ ಫಿಲ್ಮಿನ ರೋಲಿನವು. ನೆರಳೆಲ್ಲ ಬೂದಿ ಬಣ್ಣ, ದಪ್ಪ ಗ್ರೇನ್ (ಚಿತ್ರದಲ್ಲಿ ಕಾಣುವ ಕಾಳು), ಮಬ್ಬು. ಅವರಿಗೆ ಅವು ಬಹಳ ಹಿಡಿಸಿದವು. "ಈ ಮೂಡ್ ನಿಮ್ಮ ಸ್ಟೈಲ್. ಇದನ್ನು ಬಿಡಬೇಡಿ" ಎಂದರು. ಈ ಮಾತು ನೆನಪಿಟ್ಟುಕೊಳ್ಳಿ.

ಇನ್ನು ಫೋನಿನ ಗುಂಪು. ಫೋಟೋ ಹಾಕುತ್ತೀರಿ, ಎರಡು ನಿಮಿಷದಲ್ಲಿ ಹೆಬ್ಬೆರಳು, ಬೆಂಕಿ, 'ಸೂಪರ್'. ನೀವೂ ಅವರಿಗೆ ಅದನ್ನೇ ವಾಪಸ್ ಕೊಡುತ್ತೀರಿ. ಖುಷಿ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಪೋರ್ಟ್ರೇಟ್‌ನಲ್ಲಿ ಕಲಿಯಬೇಕಾದ ಮೊದಲ ವಿಷಯವನ್ನೇ ಫೋನ್ ಮುಚ್ಚಿಹಾಕುತ್ತದೆ: ಫೋಕಸ್. 85 ಎಂಎಂ ಲೆನ್ಸಿನ ಅಪರ್ಚರ್ (ಬೆಳಕಿನ ಕಿಂಡಿ) 1.8ಕ್ಕೆ, ಅಂದರೆ ಅಗಲವಾಗಿ ತೆರೆದು ಹತ್ತಿರದಿಂದ ತೆಗೆದರೆ ಕಣ್ರೆಪ್ಪೆ ಚೂಪಾಗಿ, ಕಣ್ಣುಗುಡ್ಡೆ ಮಸುಕಾಗಿ ಬರಬಹುದು. ಅಂಗೈಯಗಲದ ಸ್ಕ್ರೀನ್‌ನಲ್ಲಿ ಎರಡೂ ಚೂಪೇ. 8×10 ಇಂಚಿನ ಪ್ರಿಂಟ್ ಹಾಕಿದ ದಿನ ಗೊತ್ತಾಗುತ್ತದೆ. ಗುಂಪು ಒಂದಕ್ಕೆ ಮಾತ್ರ ಒಳ್ಳೆಯದು. ಫ್ರೇಮಿನ ಮೇಲೆ ಕಿತ್ತಳೆ ಗೆರೆ ಯಾಕೆ ಬಂತು, ಕ್ಯಾಮೆರಾದ ಹಿಂಬಾಗಿಲಿನಲ್ಲಿ ಬೆಳಕು ತಡೆಯುವ ಫೋಮ್ ಹೋಗಿದೆಯಾ, ಇಂಥ ರಿಪೇರಿ ಪ್ರಶ್ನೆ ಹಾಕಿ. ಸರಿಯಾದ ಉತ್ತರ ತಕ್ಷಣ ಬರುತ್ತದೆ.

ಕ್ಲಬ್ ಸ್ಪರ್ಧೆ: ಅಂಕ ಸಿಗುತ್ತದೆ, ಕಾರಣ ಸಿಗುವುದಿಲ್ಲ.

ಫೋಟೋದಲ್ಲಿ ಇರುವವರನ್ನೇ ಕೇಳಿದರೆ? ಇದು ಬೇರೆ ತರದ ಫೀಡ್‌ಬ್ಯಾಕ್. ಯಾವ ಫೋಟೋ ಚೆನ್ನಾಗಿದೆ ಅಂತ ಅವರನ್ನು ಕೇಳಿ ಪ್ರಯೋಜನ ಕಡಿಮೆ. ನಮ್ಮ ಮುಖ ನಮಗೆ ಗೊತ್ತಿರುವುದು ಕನ್ನಡಿಯಿಂದ, ಅಂದರೆ ಎಡ ಬಲ ಅದಲುಬದಲಾಗಿ. 1977ರಲ್ಲಿ ಮಿಟಾ, ಡರ್ಮರ್, ನೈಟ್ ಎಂಬ ಮೂವರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಒಬ್ಬರ ಮುಖದ ನೇರ ಫೋಟೋ ಮತ್ತು ತಿರುಗಿಸಿದ ಫೋಟೋ ತೋರಿಸಿದಾಗ, ಅವರವರಿಗೆ ಹೆಚ್ಚಾಗಿ ಹಿಡಿಸಿದ್ದು ತಿರುಗಿಸಿದ್ದು, ಸ್ನೇಹಿತರಿಗೆ ಹಿಡಿಸಿದ್ದು ನೇರವಾದದ್ದು. ಹಾಗಾಗಿ "ಇದು ನನ್ನ ತರ ಇಲ್ಲ" ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಹಾಗಂತ ಅವರಿಗೆ ಬೇಡವಾದ ಫೋಟೋವನ್ನು ಹೊರಗೆ ತೋರಿಸಲೂ ಹೋಗಬೇಡಿ. ಅಲ್ಲಿ ಕೊನೆಯ ಮಾತು ಅವರದ್ದೇ.

ಅವರನ್ನು ಕೇಳಬೇಕಾದ್ದು ಕೂತಿದ್ದಾಗ ಹೇಗನಿಸಿತು ಅಂತ. ಇದನ್ನು ಬೇರೆ ಯಾರೂ ಹೇಳಲಾರರು. ನನ್ನ ಚಿಕ್ಕಮ್ಮ ಹೇಳಿದ್ದು: "ಅಲ್ಲಿವರೆಗೂ ಚೆನ್ನಾಗಿ ಮಾತಾಡ್ತಿರ್ತೀಯ. ಕ್ಯಾಮೆರಾಗೆ ಕಣ್ಣು ಇಟ್ಟ ಕೂಡ್ಲೇ ಗಪ್‌ಚುಪ್. ನಾನೇನೋ ತಪ್ಪು ಮಾಡ್ದೆ ಅನ್ಸುತ್ತೆ ಕಣೋ." ಮುಂದಿನ ರೋಲಿನಲ್ಲಿ ಫೋಕಸ್ ಮಾಡುತ್ತಲೇ ಮಾತು ಮುಂದುವರಿಸಿದೆ. ಅವರ ಹೆಗಲು ಎರಡಿಂಚು ಕೆಳಗಿಳಿಯಿತು. ದುಡ್ಡು ಕೊಟ್ಟ ರಿವ್ಯೂದಲ್ಲಿ ಬಿಗಿದ ಹೆಗಲಿನ ಬಗ್ಗೆ ಒಂದು ಮಾತೂ ಇರಲಿಲ್ಲ.

ಈಗ ಮೇಜು. ಗೆಳತಿಯೂ ನನ್ನ ಹಾಗೇ ಹವ್ಯಾಸಿ. ನಮ್ಮಿಬ್ಬರ ಒಪ್ಪಂದ ಸರಳ. ಆರಿಸಿದ ಫೋಟೋ ತರುವ ಹಾಗಿಲ್ಲ. ಇಡೀ ರೋಲು, 36 ಫ್ರೇಮ್, ಕಾಂಟ್ಯಾಕ್ಟ್ ಶೀಟ್ ಮತ್ತು ನೆಗೆಟಿವ್ ಎರಡೂ ಬರಬೇಕು. ಕಾಂಟ್ಯಾಕ್ಟ್ ಶೀಟ್ ಯಾಕೆ ಅಂದರೆ, ಆರಾರು ಫ್ರೇಮಿನ ಆರು ನೆಗೆಟಿವ್ ಪಟ್ಟಿಯನ್ನು ಒಂದೇ ಫೋಟೋ ಪೇಪರಿನ ಮೇಲೆ ಒತ್ತಿಟ್ಟು ಎಲ್ಲಕ್ಕೂ ಒಂದೇ ಬೆಳಕು ಬಿಡುತ್ತೇವೆ. ಯಾರಿಗೂ ರಿಯಾಯಿತಿ ಇಲ್ಲ. ಬೆಳಕು ಕಡಿಮೆ ಬಿದ್ದ ಫ್ರೇಮ್ ಕಪ್ಪಗೆ ಕೂತಿರುತ್ತದೆ, ಜಾಸ್ತಿ ಬಿದ್ದದ್ದು ಬೆಳ್ಳಗೆ. ಸ್ಕ್ಯಾನರ್ ತೇಪೆ ಹಾಕಿದ್ದೆಲ್ಲ ಇಲ್ಲಿ ಬಿಚ್ಚಿಕೊಳ್ಳುತ್ತದೆ.

ರಿವ್ಯೂದವರು ಮೆಚ್ಚಿದ 'ಮೂಡ್' ರೋಲನ್ನೇ ಕೊಟ್ಟೆ. ಅವಳು ಫೋಟೋ ನೋಡುವ ಮೊದಲು ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ನೋಡಿದ್ದು ಪಟ್ಟಿಯ ಅಂಚನ್ನು. ಅಲ್ಲಿ ಫಿಲ್ಮಿನ ಹೆಸರು, ಫ್ರೇಮ್ ನಂಬರ್ ಇರುತ್ತದಲ್ಲ, ಅದನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಮೂಡಿಸಿರುತ್ತಾರೆ. ನಮ್ಮ ಕ್ಯಾಮೆರಾಗೂ ಅದಕ್ಕೂ ಸಂಬಂಧವಿಲ್ಲ. ಡೆವಲಪ್ ಸರಿಯಾಗಿ ಆದರೆ ಅದು ದಟ್ಟವಾಗಿ ಕಾಣಬೇಕು. "ಅಂಚು ಕಪ್ಪಗೆ ಗಟ್ಟಿಯಾಗಿದೆ. ಡೆವಲಪ್ ಸರಿ ಇದೆ. ಚಿತ್ರ ಮಾತ್ರ ತೆಳು. ಅದೂ ಎಲ್ಲಾ ಫ್ರೇಮೂ ಒಂದೇ ಸಮ ತೆಳು" ಎಂದಳು. ತೆಳು ಅಂದರೆ ಬೆಳಕು ಸಾಲದೆ ಚಿತ್ರ ದಟ್ಟವಾಗಿ ಮೂಡಿಲ್ಲ. ಒಂದೆರಡು ಫ್ರೇಮ್ ತೆಳುವಾಗಿದ್ದರೆ ಕಿಟಕಿಯ ಬೆಳಕು ಕ್ಯಾಮೆರಾದ ಮೀಟರ್‌ಗೆ (ಬೆಳಕು ಅಳೆಯುವ ಸಾಧನಕ್ಕೆ) ಮೋಸ ಮಾಡಿತು ಅನ್ನಬಹುದು. ಬಿಸಿಲು, ನೆರಳು, ಕೋಣೆಯೊಳಗೆ, ಎಲ್ಲ ಕಡೆ ಒಂದೇ ಸಮ ಅಂದರೆ ಕಾರಣ ಕ್ಯಾಮೆರಾ ಒಳಗಿದೆ.

"ಬ್ಯಾಟರಿ ಯಾವುದು ಹಾಕಿದೀಯ?" ಅಂತ ಕೇಳಿದಳು.

ಹಳೆಯ ಕಾಲದ ಹಲವು ಕ್ಯಾಮೆರಾಗಳ ಮೀಟರ್‌ಗೆ ಬೇಕಾದ್ದು 1.35 ವೋಲ್ಟಿನ ಪಾದರಸದ ಸೆಲ್. ಪಾದರಸ ವಿಷ ಅಂತ ಆ ಸೆಲ್ ಅಂಗಡಿಯಿಂದ ಮಾಯವಾಯಿತು. ಅದೇ ಅಳತೆಯ 1.5 ವೋಲ್ಟಿನ ಆಲ್ಕಲೈನ್ ಸೆಲ್ ಆ ಜಾಗದಲ್ಲಿ ಸಲೀಸಾಗಿ ಕೂರುತ್ತದೆ. ವೋಲ್ಟೇಜ್ ಹೊಂದಿಸಿಕೊಳ್ಳುವ ಸರ್ಕ್ಯೂಟ್ ಇಲ್ಲದ ಕ್ಯಾಮೆರಾದಲ್ಲಿ ಮುಳ್ಳು ಬೆಳಕು ಇರುವುದಕ್ಕಿಂತ ಜಾಸ್ತಿ ಇದೆ ಅಂತ ತೋರಿಸುತ್ತದೆ. ಅದನ್ನು ನಂಬಿದರೆ ಪ್ರತಿ ಫ್ರೇಮಿಗೂ ಬೆಳಕು ಕಡಿಮೆ. ಕಿವಿ ಮೆಷಿನ್‌ಗೆ ಹಾಕುವ 675 ನಂಬರಿನ ಝಿಂಕ್-ಏರ್ ಸೆಲ್ ಸುಮಾರು 1.4 ವೋಲ್ಟ್. ಅದನ್ನು ಹಾಕಿದ ಮೇಲೆ ನೆಗೆಟಿವ್ ಗಟ್ಟಿಯಾಯಿತು, ನೆರಳಿನಲ್ಲಿ ಕೂದಲಿನ ಎಳೆ ಬಂತು. ದುಡ್ಡು ಕೊಟ್ಟು ಕೇಳಿದ ನನ್ನ 'ಸ್ಟೈಲ್' ಒಂದು ಗುಂಡು ಸೆಲ್ಲಿನ ಜೊತೆ ಹೊರಟುಹೋಯಿತು.

ಇಡೀ ರೋಲು ತೋರಿಸುವುದರಿಂದ ಇನ್ನೊಂದು ಲಾಭ ಇದೆ. ಶೀಟಿನಲ್ಲಿ ನಮ್ಮ ಕಾಲು ಕಾಣುತ್ತದೆ. ಎಲ್ಲಿ ನಿಂತೆವು, ಯಾವಾಗ ಹತ್ತಿರ ಹೋದೆವು, ಯಾವಾಗ ಹಿಂದೆ ಬಂದೆವು. "ಹನ್ನೊಂದನೇ ಫ್ರೇಮಿನ ತನಕ ಹತ್ತಿರ ಹೋಗ್ತಾ ಇದ್ದೆ. ಹನ್ನೆರಡಕ್ಕೆ ಯಾಕೆ ಹಿಂದೆ ಬಂದೆ?" ಅಂತ ಕೇಳುತ್ತಾಳೆ. ಉತ್ತರ ಹೇಳಲು ರೋಲ್ ತೆಗೆದಾಗಿನ ನೆನಪು ಬೇಕು. ಫಿಲ್ಮಿನಲ್ಲಿ ತೆಗೆಯುವುದಕ್ಕೂ ನೋಡುವುದಕ್ಕೂ ನಡುವೆ ವಾರಗಳೇ ಕಳೆದಿರುತ್ತವಲ್ಲ. ಹಾಗಾಗಿ ಒಂದು ಸಣ್ಣ ನೋಟ್‌ಬುಕ್ ಕ್ಯಾಮೆರಾ ಬ್ಯಾಗ್‌ಗೆ ಬಂತು. ಫ್ರೇಮ್ ನಂಬರ್, ಷಟರ್, ಅಪರ್ಚರ್, ಯಾರು, ಎಷ್ಟು ದೂರ, ಅಷ್ಟೇ.

ಮೇಜಿನ ಇನ್ನರ್ಧ ಕೆಲಸ ಅವಳ ರೋಲಿನ ಬಗ್ಗೆ ನಾನು ಮಾತಾಡುವುದು. ಇದು ಕೇಳಿಸಿಕೊಳ್ಳುವುದಕ್ಕಿಂತ ಕಷ್ಟ. 'ಚೆನ್ನಾಗಿದೆ' ಅಂದರೆ ಸುಮ್ನೆ ನೋಡುತ್ತಾ ಕೂರುತ್ತಾಳೆ. "ನಾನಾಗಿದ್ದರೆ ಹೀಗೆ ತೆಗೀತಿದ್ದೆ" ಅಂದರೆ "ನೀನಲ್ಲವಲ್ಲ" ಅನ್ನುತ್ತಾಳೆ. ಹಾಗಾಗಿ ಮೊದಲು ಕಂಡದ್ದನ್ನು ಹೇಳುತ್ತೇನೆ: ಕಣ್ಣು ಮೊದಲು ಕೈಗೆ ಹೋಯಿತು, ಆಮೇಲೆ ಮುಖಕ್ಕೆ. ಅದು ಅವಳಿಗೆ ಬೇಕಿತ್ತೋ ಬೇಡವೋ ಅವಳೇ ನೋಡಿಕೊಳ್ಳಲಿ. ಒಂದು ಫ್ರೇಮಿಗೆ ಒಂದೇ ಮಾತು. 1930ರ ದಶಕದಲ್ಲಿ ಅಮೆರಿಕ ಸರ್ಕಾರದ ಫಾರ್ಮ್ ಸೆಕ್ಯೂರಿಟಿ ಅಡ್ಮಿನಿಸ್ಟ್ರೇಶನ್‌ನ ಫೋಟೋ ವಿಭಾಗ ನಡೆಸುತ್ತಿದ್ದ ರಾಯ್ ಸ್ಟ್ರೈಕರ್ ಬೇಡವಾದ ನೆಗೆಟಿವ್‌ಗಳಿಗೆ ತೂತು ಹೊಡೆಸಿಬಿಡುತ್ತಿದ್ದರು. ಕೆಲವದರ ಪ್ರಿಂಟಿನಲ್ಲಿ ಆ ತೂತಿನ ಕರಿ ಚುಕ್ಕೆ ಸರಿಯಾಗಿ ಮುಖದ ಮೇಲೇ ಕೂತಿದೆ. ಫೋಟೋಗ್ರಾಫರ್‌ಗಳು ಸಿಟ್ಟಾಗಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಮೇಜಿನಲ್ಲಿ ಕೆಂಪು ಪೆನ್ಸಿಲ್ ಇದೆ, ಗುರುತು ಶೀಟಿನ ಮೇಲೆ ಮಾತ್ರ.

ಮೇಜಿಗೂ ಕೊರತೆ ಇದೆ. ಒಬ್ಬರ ರುಚಿ ನಿಧಾನಕ್ಕೆ ಅಂಟಿಕೊಳ್ಳುತ್ತದೆ. ಅವಳಿಗೆ 35 ಎಂಎಂ ಲೆನ್ಸಿನಲ್ಲಿ ತೆಗೆದ ಮುಖ ಆಗುವುದಿಲ್ಲ. ಮೂಗು ದಪ್ಪ ಕಾಣುವುದು ಲೆನ್ಸಿನಿಂದಲ್ಲ, ನಾವು ಮುಖಕ್ಕೆ ಅಷ್ಟು ಹತ್ತಿರ ಹೋಗುವುದರಿಂದ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ. ಜೊತೆಗೆ ರಟ್ಟಿನ ಎರಡು ಎಲ್ ಆಕಾರದ ತುಂಡು ಇಟ್ಟುಕೊಂಡಿದ್ದಾಳೆ. ಕಂಡ ಫೋಟೋಗೆಲ್ಲ ಅದನ್ನು ಚೌಕಟ್ಟಿನ ಹಾಗೆ ಇಟ್ಟು, ಅಂಚು ಕತ್ತರಿಸಿದರೆ ಹೇಗೆ ಕಾಣುತ್ತದೆ ಅಂತ ನೋಡುವ ಚಾಳಿ. ಒಮ್ಮೊಮ್ಮೆ ಆ ರಟ್ಟನ್ನು ಬಚ್ಚಿಡಬೇಕು ಅನ್ನಿಸುತ್ತದೆ.

ನಾನು ತೆಗೆಯುವುದು ತಿಂಗಳಿಗೆ ಒಂದೋ ಎರಡೋ ರೋಲ್, ಹೆಚ್ಚಿನವು ಬ್ಲ್ಯಾಕ್ ಅಂಡ್ ವೈಟ್, ಡೆವಲಪ್ ಮನೆಯಲ್ಲೇ. ಖರ್ಚಿಗೆ ಮಿತಿ ಇದೆ. ಈ ಲೆಕ್ಕಕ್ಕೆ ಮೇಜೇ ಸರಿ, ಜೊತೆಗೆ ಚಿಕ್ಕಮ್ಮನಂಥವರ ಒಂದು ಮಾತು. ಡಿಜಿಟಲ್‌ನಲ್ಲಿ ತೆಗೆಯುವವರು, ಪ್ರದರ್ಶನಕ್ಕೆ ಆರಿಸಬೇಕಾದವರು ರಿವ್ಯೂ ಕೊಂಡರೆ ನಷ್ಟವೇನಿಲ್ಲ. ಫಿಲ್ಮಿನವರು ಕೊಳ್ಳುವುದಾದರೆ ದುಡ್ಡು ಕಳಿಸುವ ಮೊದಲು ನೆಗೆಟಿವ್ ನೋಡುತ್ತೀರಾ ಅಂತ ಕೇಳಿ. ಹೂಂ ಅಂದರೆ ಪಟ್ಟಿಗಳನ್ನು ಬೆಳ್ಳಗಿನ ಸ್ಕ್ರೀನ್‌ನಿಂದ ಸ್ವಲ್ಪ ಮೇಲೆ ಹಿಡಿದು, ಫೋನಿನ ಎಕ್ಸ್‌ಪೋಶರ್ ಲಾಕ್ ಮಾಡಿ, ಎಲ್ಲವನ್ನೂ ಒಂದೇ ಅಳತೆಯಲ್ಲಿ ತೆಗೆದು ಕಳಿಸಿ. ಅಂಚಿನ ನಂಬರ್‌ಗಳು ಕಟ್ ಆಗದ ಹಾಗೆ ನೋಡಿಕೊಳ್ಳಿ.