11 ಕಿಲೋಮೀಟರಿಗೆ ಮೂರೂವರೆ ಗಂಟೆ: ಕಮಾನು ಗಾಡಿಯಲ್ಲಿ ಒಂದು ಬೆಳಗು

ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ತೋಟದ ಮನೆಯವರು, ರೈಲು ಮತ್ತು ಮೋಟಾರು ಬರುವುದಕ್ಕೆ ಮುಂಚೆ ನಮ್ಮ ಹಿರಿಯರು ಹೇಗೆ ಊರಿಂದೂರಿಗೆ ಹೋಗುತ್ತಿದ್ದರೆಂಬುದನ್ನು ತಿಳಿಸಿಕೊಡಲು ಕಮಾನು ಗಾಡಿಯ ಪಯಣವನ್ನು ಏರ್ಪಡಿಸುತ್ತಾರೆ. ತಲೆಗೆ 700 ರೂಪಾಯಿ. ಬೆಳಿಗ್ಗೆ ಆರಕ್ಕೆ ಹೊರಟು, ಮಣ್ಣುರಸ್ತೆಯಲ್ಲಿ 11 ಕಿಲೋಮೀಟರು ಸಾಗಿ, ಹಳೆಯ ಕಲ್ಲುಮಂಟಪವೊಂದರಲ್ಲಿ ಬುತ್ತಿ ಬಿಚ್ಚಿ ಉಂಡ ಮೇಲೆ ಜೀಪಿನಲ್ಲಿ ಹಿಂದಕ್ಕೆ ಕರೆತರುತ್ತಾರೆ. ಕಳೆದ ತಿಂಗಳು ನಾನು, ಅಮ್ಮ ಮತ್ತು ಮಗಳು ಹೋಗಿಬಂದೆವು.

ಗಾಡಿಯ ವಿಷಯದಲ್ಲಿ ಇವರು ತೋರಿಸಿರುವ ಶ್ರದ್ಧೆ ದೊಡ್ಡದು. ಮರದ ಗಾಲಿ, ಅದಕ್ಕೆ ಬಿಗಿದ ಕಬ್ಬಿಣದ ಪಟ್ಟಿ, ಬಿದಿರ ದಬ್ಬೆ ಬಗ್ಗಿಸಿ ಚಾಪೆ ಹೊದಿಸಿದ ಕಮಾನು, ಕೂರಲು ಹುಲ್ಲು ಹರಡಿ ಅದರ ಮೇಲೆ ಹಾಸಿದ ಜಮಖಾನ, ಎಲ್ಲವೂ ಇರಬೇಕಾದಂತೆಯೇ ಇವೆ. ಹೊರಡುವ ಮುನ್ನ ಗಾಡಿ ಹೊಡೆಯುವ ಯಜಮಾನರು ಕಡಾಣಿ ಕಿತ್ತು, ಗಾಲಿಯನ್ನು ತುಸು ಹೊರಕ್ಕೆ ಜಗ್ಗಿ, ಅಚ್ಚಿನ ತುದಿಗೆ ಕೀಲೆಣ್ಣೆ ಸವರಿದರು. ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಆ ಕಪ್ಪು ಜಿಡ್ಡು ಗಾಡಿಯ ಕೆಳಗೆ ನೇತುಹಾಕಿದ್ದ ಬಿದಿರಿನ ಗೊಟ್ಟದಲ್ಲಿತ್ತು. ನೊಗಕ್ಕೆ ಕಟ್ಟಿದ್ದು ಲಾಳ ಹೊಡೆಸಿದ ಹಳ್ಳಿಕಾರ್ ಎತ್ತುಗಳು. ಬಾರುಕೋಲನ್ನು ಅವರು ಒಮ್ಮೆಯೂ ಬೀಸಲಿಲ್ಲ, ನಾಲಿಗೆಯಲ್ಲಿ ಟಕಟಕ ಸದ್ದು ಮಾಡಿದರೆ ಸಾಕಾಗುತ್ತಿತ್ತು.

ದಾರಿಗೆ ಬಿದ್ದ ಮೇಲೆ ನನ್ನ ಲೆಕ್ಕಗಳೆಲ್ಲ ಬದಲಾದವು. ಗಂಟೆಗೆ ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೇ ವೇಗ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 140 ಕಿಲೋಮೀಟರು. ದಿನಕ್ಕೆ 25 ಕಿಲೋಮೀಟರು ಹೋದರೂ ಐದಾರು ದಿನ ಬೇಕು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂದರೂ, ಮೈಸೂರಿನವರು ಆ ಸೌಕರ್ಯಕ್ಕಾಗಿ 1880ರ ದಶಕದ ಆರಂಭದವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಒಂದು ದಿನಕ್ಕೆ ಎಷ್ಟು ದೂರವೆಂಬುದನ್ನು ನಿಶ್ಚಯಿಸುತ್ತಿದ್ದುದು ಎತ್ತಿನ ಕಸುವು ಮತ್ತು ನೀರಿರುವ ಜಾಗ. ಸಾಲುಮರ, ಅರವಟಿಗೆ, ಕೆರೆ, ಛತ್ರ ಇವನ್ನು ನಾನು ಇದುವರೆಗೆ ಪುಣ್ಯಕಾರ್ಯಗಳೆಂದಷ್ಟೇ ಓದಿಕೊಂಡಿದ್ದೆ. ಒಂಬತ್ತರ ಬಿಸಿಲಿನಲ್ಲಿ ಎತ್ತುಗಳ ಬಾಯಿಂದ ನೊರೆ ಇಳಿಯುವುದನ್ನು ಕಂಡಾಗ, ಅವಿಲ್ಲದೆ ಪಯಣವೇ ಸಾಧ್ಯವಿರಲಿಲ್ಲವೆಂದು ತಿಳಿಯಿತು.

ದಿಣ್ಣೆಯೊಂದು ಎದುರಾದಾಗ ಯಜಮಾನರು, "ಇಳೀರಿ ಸ್ವಾಮಿ, ಎತ್ಗೊಳ್ಗೆ ಭಾರ ಆಯ್ತದೆ. ಅವ್ವಾರು ಕೂತಿರ್ಲಿ" ಎಂದರು. ಅಮ್ಮನನ್ನು ಗಾಡಿಯಲ್ಲೇ ಬಿಟ್ಟು ನಾನೂ ಮಗಳೂ ಅರ್ಧ ಗಂಟೆ ನಡೆದೆವು. ಇಡೀ ಪಯಣದಲ್ಲಿ ಅತ್ಯಂತ ನಿಜವಾದ ಭಾಗ ಅದೇ ಎಂದು ನನಗನ್ನಿಸುತ್ತದೆ.

ಇದನ್ನೇ ಮುಖ್ಯ ಆಕ್ಷೇಪಣೆಯಾಗಿಯೂ ಹೇಳಬೇಕಾಗಿದೆ. ಜೊತೆಗೆ ಬಂದಿದ್ದ ಮಾರ್ಗದರ್ಶಕರು, ಹಿಂದೆ ಎಲ್ಲರೂ ಗಾಡಿಯಲ್ಲೇ ಓಡಾಡುತ್ತಿದ್ದರೆಂದು ಎರಡು ಸಲ ಹೇಳಿದರು. ಅದು ಸರಿಯಲ್ಲ. ಜೋಡೆತ್ತು, ಗಾಡಿ ಇದ್ದ ಮನೆಗಳು ಎಲ್ಲ ಊರಲ್ಲೂ ಕೆಲವೇ. ಸಂತೆಗೆ, ಜಾತ್ರೆಗೆ, ಹೆಣ್ಣು ಕೊಟ್ಟ ಊರಿಗೆ ಹೆಚ್ಚಿನವರು ಹೋದದ್ದು ಕಾಲ್ನಡಿಗೆಯಲ್ಲಿ, ತಲೆಯ ಮೇಲೆ ಗಂಟು ಹೊತ್ತು. ಉಳ್ಳವರ ಪಲ್ಲಕ್ಕಿಯೂ ನಡೆದದ್ದು ಬೋಯಿಗಳ ಹೆಗಲ ಮೇಲೆಯೇ. ಒಂದೆರಡು ಕಿಲೋಮೀಟರು ನಡಿಗೆಯನ್ನು ಕಾರ್ಯಕ್ರಮದೊಳಗೇ ಸೇರಿಸಿ ಈ ಮಾತನ್ನು ತಿಳಿಹೇಳಿದರೆ ಅವರ ಉದ್ದೇಶ ಪೂರ್ತಿಯಾಗುತ್ತದೆ.

ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಮತ್ತು ಮೊಸರನ್ನ ಬಹಳ ಚೆನ್ನಾಗಿದ್ದವು. ನೀರನ್ನು ಮಾತ್ರ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೊಟ್ಟರು. ಹೂಜಿ ಇಡುವುದು ಕಷ್ಟವೇನಲ್ಲ.

ಇವರ ಎರಡನೆಯ ಗಾಡಿಗೆ ರಬ್ಬರ್ ಟೈರು ಇದೆ. ನಮ್ಮ ಹಿಂದೆ ಅದರಲ್ಲಿ ಬಂದವರಿಗೆ ಕುಲುಕಾಟವೂ ಇರಲಿಲ್ಲ, ಕಲ್ಲಿನ ಮೇಲೆ ಪಟ್ಟಿ ಉರುಳುವ ಗಡಗಡ ಸದ್ದೂ ಇರಲಿಲ್ಲ. ಆದ್ದರಿಂದ ಮುಂಗಡ ಕೊಡುವಾಗಲೇ ಮರದ ಗಾಲಿಯ ಗಾಡಿ ಬೇಕೆಂದು ಕೇಳಿ ಖಚಿತಪಡಿಸಿಕೊಳ್ಳಿ. ಬೆನ್ನುನೋವಿರುವ ಹಿರಿಯರು ಬರುವುದಾದರೆ ಒಂದು ದಪ್ಪ ದಿಂಬನ್ನು ಜೊತೆಗೆ ಒಯ್ಯಿರಿ.