ಉಯಿಲು ಚೆನ್ನಾಗಿ ಬರೆದರು, ಬಿಲ್ ಮಾತ್ರ ನೋಡಿಕೊಳ್ಳಿ

ಅಪ್ಪಾಜಿಯ ಉಯಿಲು ಬರೆಸೋಕೆ ದಾವಣಗೆರೆಯ ಒಬ್ಬ ಪತ್ರ ಬರಹಗಾರರ ಹತ್ತಿರ ಹೋಗಿದ್ದೆವು. ಕೆಲಸ ಅಚ್ಚುಕಟ್ಟು. ಮನೆಯ ಚೆಕ್ಕುಬಂದಿ, ಖಾತೆ ನಂಬರ್ ಎಲ್ಲಾ ಸರಿಯಾಗಿ ಹಾಕಿ, ಅಪ್ಪಾಜಿಗೆ ಗಟ್ಟಿಯಾಗಿ ಓದಿ ಹೇಳಿದ ಮೇಲೇ ಸಹಿ ಮಾಡಿಸಿದರು. ಆದರೆ ಬಿಲ್‌ನಲ್ಲಿ ಛಾಪಾ ಕಾಗದ, ಸಾಕ್ಷಿ ಒದಗಿಸುವ ಚಾರ್ಜು, ಉಯಿಲು ಜೋಪಾನವಾಗಿ ಇಡೋಕೆ ವರ್ಷಾವರ್ಷ ಫೀಸು ಅಂತ ಏನೇನೋ ಸೇರಿಸಿದ್ದರು. ಇದ್ಯಾವುದೂ ಬೇಕಿಲ್ಲ! ಉಯಿಲಿಗೆ ಸ್ಟಾಂಪ್ ಡ್ಯೂಟಿ ಇಲ್ಲ, ಬಿಳಿ ಹಾಳೆ ಸಾಕು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೇಳೋದು ಬರೆಸಿದವರ ಸಹಿ, ಜೊತೆಗೆ ಇಬ್ಬರು ಸಾಕ್ಷಿಗಳ ಸಹಿ, ಅಷ್ಟೇ. ಪಕ್ಕದ ಮನೆಯವರು ಸಾಕಲ್ವಾ? ನೋಂದಣಿಯೂ ಕಡ್ಡಾಯ ಅಲ್ಲ, ಆದರೂ ಮುಂದೆ ಅಣ್ಣ-ತಮ್ಮಂದಿರ ತಕರಾರು ಬರಬಹುದು ಅನ್ನಿಸಿದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಡಿಸಿ, ಆ ಖರ್ಚು ದಂಡವಲ್ಲ. ನಾವು ಕೇಳಿದ ಮೇಲೆ ಎಲ್ಲಾ ತೆಗೆದರು. ಬರೆಯೋಕೆ ಎಷ್ಟು ಅಂತ ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ.